ಬಣ್ಣ ಬಿಡದ ಮದರ್‌ಬೋರ್ಡ್

ಬನಹಟ್ಟಿಯ ನಮ್ಮ ನೇಕಾರರ ಸಹಕಾರ ಸಂಘದ ಹದಿನಾಲ್ಕನೆಯ ನಿಯಮದ ಪ್ರಕಾರ, ಸಂಘವು ಖರೀದಿಸುವ ಯಾವುದೇ ಸರಕನ್ನು ಬಿಸಿ ಸಾಬೂನು ನೀರಿನಲ್ಲಿ ಎರಡು ತಾಸು ನೆನೆಸಿ, ಬಣ್ಣ ಬಿಡುವುದಿಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು. ನಿಯಮ ಬರೆದವರ ಮನಸ್ಸಿನಲ್ಲಿದ್ದದ್ದು ನೂಲು. ಮನಸ್ಸಿನಲ್ಲಿದ್ದದ್ದನ್ನು ಅವರು ಬರೆಯಲಿಲ್ಲ. ಬರೆದದ್ದನ್ನು ನಾವು ಪಾಲಿಸುತ್ತೇವೆ.

ಈ ವರ್ಷ ಸಂಘಕ್ಕೆ ಮುನ್ನೂರು ಸೀರೆಗಳ ಬೇಡಿಕೆ ಬಂತು. ಸೆರಗಿನ ವಿನ್ಯಾಸಗಳನ್ನು ದಸರೆಯೊಳಗೆ ಕಂಪ್ಯೂಟರಿನಲ್ಲಿ ತಯಾರಿಸಿ ಕೊಡಬೇಕಿತ್ತು. ಕೊಡದಿದ್ದರೆ ಬೇಡಿಕೆ ರದ್ದು; ಅದರ ಜೊತೆಗೆ ವಿನ್ಯಾಸಗಾರ್ತಿ ಸ್ನೇಹಾಳ ಗುತ್ತಿಗೆ ನೌಕರಿಯೂ ರದ್ದು. ಆ ವಾರವೇ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋಯಿತು.

ಸ್ನೇಹಾ ಅರ್ಜಿ ಬರೆದಳು. ಸಮಯ ಕಡಿಮೆಯಿದೆ; ನಮ್ಮ ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಸ್ವಲ್ಪ ಹೆಚ್ಚು ಓಡಿಸಬಹುದು; ಅದಕ್ಕೆ ಅವಕಾಶ ಕೊಡುವ ಅಗ್ಗದ ಬೋರ್ಡೊಂದನ್ನು ತರಿಸಿಕೊಡಿ ಎಂದು ಕೋರಿದ್ದಳು. ಅರ್ಜಿಯಲ್ಲಿ ಒಂದೂ ಕಾಗುಣಿತದ ತಪ್ಪಿರಲಿಲ್ಲ. ನಮ್ಮ ಸಂಘದಲ್ಲಿ ಇದು ದಾಖಲಾಗಬೇಕಾದ ಸಂಗತಿ.

ನಾಲ್ವರು ನಿರ್ದೇಶಕರು ಕಾರು ಮಾಡಿಕೊಂಡು ಜಮಖಂಡಿಗೆ ಹೋಗಿ, ಊಟ ಮುಗಿಸಿ, ಕಪ್ಪು ಬೋರ್ಡೊಂದು ಹಸಿರು ಬೋರ್ಡೊಂದು ಮಾದರಿಗೆಂದು ತಂದರು. ಖರೀದಿ ಸಮಿತಿಯ ಸದಸ್ಯೆಯಾಗಿ ನಾನು ಸಭೆಯಲ್ಲಿದ್ದೆ.

ಅಧ್ಯಕ್ಷ ಗಿರಿಮಲ್ಲಪ್ಪನವರು ಸ್ನೇಹಾಳನ್ನು ಕೇಳಿದರು: “ಮಗ್ಗ ಜೋರ ಓಡಿಸಿದ್ರ ನೂಲು ಹರೀತೈತಿ. ಇದರಾಗ ಏನ್ ಹರೀತೈತವಾ?”

“ಏನೂ ಹರಿಯೂದಿಲ್ಲರೀ, ಕಾಯ್ತೈತಿ. ಅದಕ್ಕ ಭಾಳ ಜೋರ ಬ್ಯಾಡ, ಸ್ವಲ್ಪ ಸಾಕು. ಈ ಕರೇ ಬೋರ್ಡಿಗೆ ಕಾವು ತಗ್ಗಿಸೂ ಪಟ್ಟಿ ಐತಿ, ವೇಗ ಹೆಚ್ಚು ಮಾಡಾಕೂ ಬಿಡತೈತಿ. ಹಸರದು ಬಿಡೂದಿಲ್ಲರೀ.”

ನಲವತ್ತು ವರ್ಷಗಳಿಂದ ಸಂಘದ ಬಣ್ಣ ಪರೀಕ್ಷಕರಾಗಿರುವ ಬಸಗೊಂಡಪ್ಪನವರು ಎರಡೂ ಬೋರ್ಡುಗಳ ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದರು. “ಒಗದ ಮ್ಯಾಲೆ ಮಾತಾಡೂಣು” ಎಂದರು.

“ಕಾಕಾ, ಅದಕ್ಕ ನೀರ ಹತ್ತಬಾರದರೀ.”

“ನೀರಿಗೆ ಅಂಜೂ ಮಾಲು ಎಂಥಾ ಮಾಲವಾ? ನಾಳಿ ಗಿರಾಕಿ ಒಗಿಯೂದಿಲ್ಲೇನು?”

“ಕಂಪ್ಯೂಟರ್ ಯಾರೂ ಒಗಿಯೂದಿಲ್ಲರೀ.”

“ಅದಕ್ಕ ಅಷ್ಟ ಹೊಲಸ ಇರ್ತಾವ.”

ಸಭೆ ಈ ಉತ್ತರವನ್ನು ಒಪ್ಪಿತು.

ಎರಡು ತಾಸಿನ ನಂತರ, ಬೋರ್ಡುಗಳನ್ನು ನೆನೆಹಾಕಿದ್ದ ಬೋಗುಣಿಗಳನ್ನು ಪರಿಶೀಲಿಸಲಾಯಿತು. ಕಪ್ಪು ಬೋರ್ಡಿನ ನೀರು ನಸುಗೆಂಪಾಗಿತ್ತು. ಅದು ಬೋರ್ಡಿಗೆ ಅಂಟಿಸಿದ ಚೀಟಿಯ ಬಣ್ಣವೆಂದು ಸ್ನೇಹಾ ಹೇಳಿದಳು. “ಸೀರಿ ಬಣ್ಣ ಬಿಟ್ರ ಅಂಚಿಂದು ಅಂತ ಬಿಟ್ಟಕೊಡ್ತೇವೇನು?” ಎಂದು ಬಸಗೊಂಡಪ್ಪನವರು ಅದನ್ನು ತಿರಸ್ಕರಿಸಿದರು. ತಿರಸ್ಕೃತ ಮಾದರಿ ಪರೀಕ್ಷಕರಿಗೆ ಸೇರತಕ್ಕದ್ದೆಂದು ಹದಿನೈದನೆಯ ನಿಯಮ ಹೇಳುತ್ತದೆ. ಅದೀಗ ಅವರ ಮನೆಯಲ್ಲಿ ನೀರಿನ ಕೊಡದ ಮುಚ್ಚಳವಾಗಿದೆ; ಕಾವು ತಗ್ಗಿಸುವ ಪಟ್ಟಿಯಿಂದ ನೀರು ತಣ್ಣಗಿರುತ್ತದೆಂದು ಅವರ ಮನೆಯವರ ಅಭಿಪ್ರಾಯ.

ಹಸಿರು ಬೋರ್ಡು ಒಂದು ಹನಿ ಬಣ್ಣವನ್ನೂ ಬಿಡಲಿಲ್ಲ. ಅದನ್ನು ನೆರಳಿನಲ್ಲಿ ಒಣಗಿಸಲಾಯಿತು. ಗಂಜಿ ಹಾಕಬೇಕೆಂದು ಒಬ್ಬ ನಿರ್ದೇಶಕರು ಸೂಚಿಸಿದರು. ನಿಯಮದಲ್ಲಿ ಇಲ್ಲವೆಂದು ನಾನು ಆಕ್ಷೇಪಿಸಿದೆ. ಶಿಸ್ತು ಎಲ್ಲದಕ್ಕೂ ಒಂದೇ.

ಬೋರ್ಡು ಜೋಡಿಸಿ ಗುಂಡಿ ಒತ್ತಿದಾಗ ಕಂಪ್ಯೂಟರ್ ಚಾಲೂ ಆಗಲಿಲ್ಲ.

“ಬಣ್ಣ ಬಿಟ್ಟೈತೇನು?” ಎಂದು ಬಸಗೊಂಡಪ್ಪನವರು ಕೇಳಿದರು.

“ಇಲ್ಲರೀ.”

“ಮತ್ತ?”

ಸ್ನೇಹಾ ಮತ್ತೆ ಅರ್ಜಿ ಬರೆಯಲು ಕುಳಿತಳು. ಎರಡನೆಯ ಬೋರ್ಡಿಗಾಗಿ ಅವಳು ಕೊಟ್ಟ ಅರ್ಜಿಯನ್ನು, ಪರೀಕ್ಷೆಯಲ್ಲಿ ತೇರ್ಗಡೆಯಾದ ಬೋರ್ಡು ಇರುವಾಗ ಇನ್ನೊಂದರ ಅಗತ್ಯವಿಲ್ಲವೆಂದು ವಿಲೇವಾರಿ ಮಾಡಲಾಯಿತು. ಅವಳು ಗ್ರಾಫ್ ಹಾಳೆಯ ಮೇಲೆ ವಿನ್ಯಾಸಗಳನ್ನು ಕೈಯಿಂದ ಬರೆಯತೊಡಗಿದಳು. ದಸರೆಗೆ ಒಂದೂವರೆ ಸೆರಗು ಸಿದ್ಧವಾಗಿತ್ತು. ಬೇಡಿಕೆ ಬೇರೆ ಊರಿಗೆ ಹೋಯಿತು.

ವಾರ್ಷಿಕ ವರದಿಯಲ್ಲಿ ಹೀಗೆ ದಾಖಲಾಗಿದೆ: “ಹೊಸ ಮದರ್‌ಬೋರ್ಡ್ ಅಳವಡಿಸಿದಂದಿನಿಂದ ಪ್ರೊಸೆಸರ್ ಒಮ್ಮೆಯೂ ಬಿಸಿಯಾಗಿರುವುದಿಲ್ಲ.” ಸಭೆ ಚಪ್ಪಾಳೆ ತಟ್ಟಿತು.

ವಿನ್ಯಾಸಗಾರ್ತಿಯ ಹುದ್ದೆ ರದ್ದಾಯಿತು. ಆದರೆ ಸಂಘಕ್ಕೆ ಕರುಣೆಯಿದೆ: ಸ್ನೇಹಾಳನ್ನು ಬಣ್ಣ ಪರೀಕ್ಷಕರ ಸಹಾಯಕಿಯಾಗಿ ನೇಮಿಸಲಾಯಿತು. ಕಳೆದ ಸೋಮವಾರ ಅದೇ ಕಂಪ್ಯೂಟರಿಗೆಂದು ಹೊಸ ಕೀಬೋರ್ಡ್ ಮತ್ತು ಮೌಸ್ ಬಂದವು. ಬಸಗೊಂಡಪ್ಪನವರು ಬರುವಷ್ಟರಲ್ಲಿ ಅವಳು ನೀರು ಕಾಯಿಸಿ, ಸಾಬೂನು ಕದಡಿ, ಎರಡು ಬೋಗುಣಿ ಇಟ್ಟುಕೊಂಡು ಕುಳಿತಿದ್ದಳು.

“ಕಾಕಾ, ಕೀಬೋರ್ಡ್ ಕರೇದು, ಮೌಸ್ ಬಿಳೇದು. ಬ್ಯಾರೆ ಬ್ಯಾರೆ ನೆನಿಯಾಕ ಹಾಕಲೇನ್ರಿ?”

ಬಸಗೊಂಡಪ್ಪನವರು ನನ್ನತ್ತ ತಿರುಗಿದರು. “ಹುಡುಗಿ ಕಲ್ತಳ ನೋಡ್ರಿ ಬಾಯಾರ” ಎಂದರು.

ನಾನು ಪರೀಕ್ಷೆಯ ದಾಖಲೆ ಪುಸ್ತಕದಲ್ಲಿ ಸಹಿ ಮಾಡಿದೆ.