ಆಸರೆಯನ್ನು ಕದಲಿಸತಕ್ಕದ್ದಲ್ಲ

ಅಪರೂಪದ ಸಸ್ಯಗಳ ಸಂರಕ್ಷಣಾ ಇಲಾಖೆಯು ತನ್ನ ಸ್ಥಾಪನೆಯ ನಂತರ ಮೊದಲ ಬಾರಿಗೆ ಒಂದು ಅಪರೂಪದ ಸಸ್ಯವನ್ನು ಜೀವಂತವಾಗಿ ಕಂಡದ್ದು, ತನ್ನದೇ ಟಪಾಲು ಗುಮಾಸ್ತನ ತಾಯಿ ಮಲಗುವ ಕೋಣೆಯಲ್ಲಿ.

ಗುಮಾಸ್ತನಿಗೆ ಬೇಕಾಗಿದ್ದದ್ದು ಗಿಡವಲ್ಲ, ಪೈಪು ರಿಪೇರಿ. ಕಚೇರಿಯ ಹಿಂದಿನ ಕ್ವಾರ್ಟರ್ಸಿನ ಗೋಡೆಯೊಳಗೆ ಪೈಪು ಸೋರಿ ಸೋರಿ ಅಮ್ಮನ ಕೆಮ್ಮು ಎದೆಗಿಳಿದಿತ್ತು. "ಈ ಥಂಡಿಯಲ್ಲೇ ಇಟ್ಟರೆ ಅವರು ಉಳಿಯೋದು ಕಷ್ಟ" ಎಂದು ವೈದ್ಯರು ಹೇಳಿಬಿಟ್ಟಿದ್ದರು. ಮನೆಗಿದ್ದದ್ದು ಅದೊಂದೇ ಕೋಣೆ. ಅರ್ಜಿ ಕೊಟ್ಟು ಕೊಟ್ಟು ಅವನ ಚಪ್ಪಲಿ ಸವೆದ ಮೇಲೆ ಇಲಾಖೆ ಒಬ್ಬ ಸಸ್ಯತಜ್ಞರನ್ನು ಕಳಿಸಿತು. ಇಲಾಖೆಯಲ್ಲಿ ಪೈಪು ರಿಪೇರಿಯವರ ಹುದ್ದೆ ಇರಲಿಲ್ಲ.

ಕಳ್ಳರಿಂದ ಜಪ್ತಿ ಮಾಡಿದ ಬೆಟ್ಟದ ಕಾಡಿನ ದಿಮ್ಮಿಯೊಂದನ್ನು ಇಲಾಖೆ ಆ ಕೋಣೆಯ ಕಿಟಕಿಗೆ ಒರಗಿಸಿ ಮರೆತಿತ್ತು. ಅದರ ಮೇಲಿದ್ದ ಹಬ್ಬುವ ಜರಿಗಿಡ ಕಿಟಕಿ ದಾಟಿ, ಒದ್ದೆ ಗೋಡೆ ಹಿಡಿದು, ಅಮ್ಮನ ತಲೆದಿಂಬಿನವರೆಗೆ ಬಂದಿತ್ತು. ಎಲೆ ಈರುಳ್ಳಿಯ ಒಳಪೊರೆಯಷ್ಟು ತೆಳು; ಹಿಂದೆ ಬೆರಳಿಟ್ಟರೆ ಬೆರಳು ಕಾಣುತ್ತಿತ್ತು.

"ಇದು ಮಂಜು ಕವಿದ ಕಡೆ ಬದುಕೋ ಗಿಡ. ಒಣಗಾಳಿ ತಾಗಿದ್ರೆ ಮುದುಡಿಹೋಗುತ್ತೆ. ಇಲ್ಲಿ ಹೇಗಪ್ಪಾ ಇದೆ?" ಎಂದರು ತಜ್ಞರು.

ಅಮ್ಮ ಕೆಮ್ಮಿದರು. ಎಲೆಯ ಮೇಲೆ ಸಣ್ಣಗೆ ಹನಿ ಕೂತಿತು.

"ಓಹೋ" ಎಂದು ತಜ್ಞರು ಬರೆದುಕೊಂಡರು.

ಮರುದಿನವೇ ಆದೇಶ ಬಂತು. "ಸೋರಿಕೆಯನ್ನು ನಿಲ್ಲಿಸತಕ್ಕದ್ದಲ್ಲ. ಫ್ಯಾನು ಹಾಕತಕ್ಕದ್ದಲ್ಲ. ಹಬ್ಬುವ ಸಸ್ಯದ ಆಸರೆಯನ್ನು ಕದಲಿಸತಕ್ಕದ್ದಲ್ಲ. ಆಸರೆ ಎಂದರೆ ಗೋಡೆ, ಮಂಚ ಮತ್ತು ಮಂಚದ ಮೇಲಿರುವವರು."

ಗುಮಾಸ್ತ ನಿರ್ದೇಶಕರ ಮುಂದೆ ಕೈಕಟ್ಟಿ ನಿಂತ.

"ಸಾರ್, ಅಮ್ಮನ್ನ ಅಕ್ಕನ ಮನೆಗೆ ಕಳಿಸ್ತೀನಿ. ಅಲ್ಲಿ ಒಳ್ಳೆ ಬಿಸಿಲು ಬರುತ್ತೆ."

"ಬಿಸಿಲಾ? ತಲೆ ಕೆಟ್ಟಿದೆಯೇನಯ್ಯಾ ನಿಂಗೆ? ಹೋಗ್ಲಿ, ಕೆಮ್ಮಿಗೆ ಔಷಧಿ ಕೊಡ್ತಿದ್ದೀಯಾ?"

"ಕೊಡ್ತಿದ್ದೀನಿ ಸಾರ್."

"ನಿಲ್ಲಿಸು. ಗಿಡ ಹೋದ್ರೆ ಅದರ ಹೆಸರಲ್ಲಿ ಬಂದಿರೋ ಯೋಜನೆ ಹೋಗುತ್ತೆ. ಯೋಜನೆ ಹೋದ್ರೆ ಮೊದಲು ಯಾರ ಕೆಲಸ ಹೋಗುತ್ತೆ, ಗೊತ್ತಲ್ಲ?"

ಗೊತ್ತಿತ್ತು. ಕೆಲಸ ಹೋದರೆ ಕ್ವಾರ್ಟರ್ಸೂ ಹೋಗುತ್ತಿತ್ತು. ಅತ್ತ ದರಿ, ಇತ್ತ ಪುಲಿ. ಆದರೂ ಅವನು ಔಷಧಿಯನ್ನು ಕದ್ದುಮುಚ್ಚಿ ಕುಡಿಸುತ್ತಿದ್ದ. ಪಾಪ, ಅಷ್ಟು ಧೈರ್ಯ ಅವನಿಗಿತ್ತು.

ಯೋಜನೆಯ ಉದ್ಘಾಟನೆಗೆ ಮಂತ್ರಿಗಳು ಆ ಕೋಣೆಗೇ ಬಂದರು. ಅವರ ಮುಖ ಕಾಣಲೆಂದು ದೊಡ್ಡ ದೊಡ್ಡ ದೀಪ ಹಚ್ಚಿದರು, ಅವರು ಬೆವರಬಾರದೆಂದು ಫ್ಯಾನು ತಿರುಗಿಸಿದರು. ಭಾಷಣ ಮುಗಿಯುವಷ್ಟರಲ್ಲಿ ಜರಿಗಿಡ ಸುರುಟಿ ಕಂದು ಪುಡಿಯಾಗಿ ದಿಂಬಿನ ಮೇಲೆ ಉದುರಿತ್ತು. ಫ್ಯಾನು ಹಾಕಿದ್ದಕ್ಕೆ ಗುಮಾಸ್ತನಿಂದ ವಿವರಣೆ ಕೇಳಲಾಯಿತು.

ಗುಮಾಸ್ತನಿಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ. ಅಕ್ಕನನ್ನು ಕರೆಸಿ, ಗಾಡಿ ತರಿಸಿ, ಅಮ್ಮನನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಬಾಗಿಲಿಗೆ ಬಂದ. ಗಿಡಕ್ಕೆಂದು ಇಲಾಖೆ ಇಟ್ಟಿದ್ದ ಕಾವಲುಗಾರ ಅಡ್ಡ ನಿಂತ.

"ಗಿಡಾನೇ ಹೋಯ್ತಲ್ಲಪ್ಪಾ, ಇನ್ನೇನು?" ಎಂದಳು ಅಕ್ಕ.

ನಿರ್ದೇಶಕರೇ ಓಡಿಬಂದರು. "ಅದಕ್ಕೇ ಹೇಳೋದಮ್ಮಾ. ಗಿಡ ಹೋಯ್ತು, ಇನ್ನು ಉಳಿದಿರೋದು ಆಸರೆ ಒಂದೇ. ಇದನ್ನೂ ಕಳ್ಕೊಂಡ್ರೆ ಇಲಾಖೆ ಯಾತಕ್ಕೆ?"

ಮಾತಿನಲ್ಲಿ ನ್ಯಾಯವಿದೆಯೆಂದು ಅಕ್ಕಪಕ್ಕದವರಿಗೂ ಅನಿಸಿತು. ಕಾವಲುಗಾರ ಅಮ್ಮನ ಕಾಲು ಹಿಡಿದು, ಮಗ ಹೆಗಲು ಹಿಡಿದು, ಇಬ್ಬರೂ ಜೋಪಾನವಾಗಿ ಮತ್ತೆ ಮಂಚದ ಮೇಲೆ ಮಲಗಿಸಿದರು. "ಇರ್ಲಿ ಬಿಡು ಮಗಾ, ದಿನಾ ನಾಲ್ಕು ಜನ ಬಂದು ನೋಡ್ತಾರೆ" ಎಂದರು ಅಮ್ಮ. ಅಕ್ಕ ಅತ್ತುಕೊಂಡು ಖಾಲಿ ಗಾಡಿಯಲ್ಲಿ ಹೋದಳು. ತಲೆಕಡೆಯ ಗೋಡೆಗೆ ಫಲಕ ಬಂತು, ಕೋಣೆಗೆ ಹೊಸ ಪೈಪು ಬಂತು. ಹಳೆಯದು ಸಾಕಷ್ಟು ಸೋರುತ್ತಿರಲಿಲ್ಲ.

ಗುಮಾಸ್ತನಿಗೆ ಬಡ್ತಿ ಸಿಕ್ಕಿದೆ, ಔಷಧಿಯ ಶೀಶೆ ಕಸಕ್ಕೆ ಹೋಗಿದೆ. ಬೆಳಿಗ್ಗೆ ಅವನು ಕಚೇರಿಗೆ ಬರುತ್ತಲೇ ನಿರ್ದೇಶಕರು ಕುರ್ಚಿಯಿಂದೆದ್ದು ವಿಚಾರಿಸುತ್ತಾರೆ.

"ಅಮ್ಮ ಹೇಗಿದ್ದಾರಯ್ಯಾ?"

"ತೇವವಾಗಿದ್ದಾರೆ ಸಾರ್" ಎನ್ನುತ್ತಾನೆ ಮಗ.