ಪೈಲ್ವಾನನ ಕೋಟು

ಹೆಂಡತಿ: ಬಾಗಿಲು ಬಿಡ್ತೀರೋ ಇಲ್ವೋ?

ದರ್ಜಿ: ಬಿಡಲ್ಲ. ಬೇಕಾದ್ರೆ ನನ್ನ ತುಳ್ಕೊಂಡು ಹೋಗು.

ಹೆಂಡತಿ: ರೀ, ಊರ ನಾಯಿಗಳಿಗೆಲ್ಲ ಫ್ಲೂ ಹಬ್ಬಿದೆ. ಮರಿಗೆ ಲಸಿಕೆ ಹಾಕಿಸ್ಬೇಕು, ಬೆಳಿಗ್ಗೇನೇ ಬನ್ನಿ ಅಂದಿದ್ದಾರೆ ಡಾಕ್ಟ್ರು.

ದರ್ಜಿ: ಆಸ್ಪತ್ರೆ ತುಂಬ ಕೆಮ್ಮೋ ನಾಯಿಗಳೇ ಕೂತಿರ್ತವೆ. ಅವುಗಳ ಮಧ್ಯೆ ಇದನ್ನ ಕೂರಿಸ್ತೀಯಾ? ಇದರ ವಯಸ್ಸೇನು, ಎದೆ ಎಷ್ಟು ವೀಕು! ಒಂದ್ಸಲ ಕಫ ಕಟ್ಟಿದ್ರೆ ಮತ್ತೆ ನಮ್ಮ ಕೈಗೆ ಸಿಗಲ್ಲ ಕಣೇ.

ಅವನು ನಾಯಿಗಳಿಗೆ ಚಳಿಗಾಲದ ಕೋಟು ಹೊಲಿಯುವ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮರಿ ಎಂಬುದು ಹೆಸರಿಗಷ್ಟೇ. ಮೂತಿಯೆಲ್ಲ ನರೆತ ಆ ಮುದಿ ನಾಯಿ ಈಗ ಯಾರದೋ ಕೆಂಪು ಕೋಟು ತೊಟ್ಟು ಮೇಜಿನ ಮೇಲೆ ನಿಂತಿತ್ತು. ಯಾರ ಕೋಟೇ ಆಗಲಿ, ಮೊದಲು ಮರಿಗೆ ತೊಡಿಸಿ ನೋಡುವುದು ದರ್ಜಿಯ ಪದ್ಧತಿ.

ಹೆಂಡತಿ: ಒಳಗೆ ಯಾಕೆ ಕೂರಿಸ್ತೀನಿ? ಹೊರಗೇ ದೂರ ನಿಂತಿದ್ದು, ನಮ್ಮ ಸರದಿ ಬಂದಾಗ ಹೋದ್ರಾಯ್ತು.

ದರ್ಜಿ: ಹೊರಗೆ ಗಾಳಿ ಇಲ್ವಾ?

ಹೆಂಡತಿ: ಓಹೋ, ಅದಕ್ಕೇ ಕಿಟಕಿ ಸಂದಿಗೆಲ್ಲ ಬಟ್ಟೆ ಚೂರು ತುರುಕಿದ್ದೀರಾ? ನಾಯಿ ಹಾಗಿರ್ಲಿ, ನನಗೇ ಉಸಿರು ಕಟ್ತಿದೆ.

ದರ್ಜಿ: ಸ್ವಲ್ಪ ಸಹಿಸ್ಕೋ. ಈ ಗಲಾಟೆ ಶುರುವಾದ ಮೇಲೆ ಒಂದು ನಾಯೀನೂ ಈ ಹೊಸ್ತಿಲು ತುಳಿದಿಲ್ಲ. ಗಿರಾಕಿಗಳು ಬರೀ ಕೋಟು ಕೊಟ್ಟು ಹೋಗ್ತಾರೆ. ಎಂಥಾ ಏರ್ಪಾಡು ನೋಡು!

ಹೆಂಡತಿ: ಮತ್ತೆ ಅಳತೆ?

ದರ್ಜಿ: ಮರಿ ಇದೆಯಲ್ಲ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಬೀದಿಯ ಟೀಚರಮ್ಮ.

ಟೀಚರಮ್ಮ: ನಮ್ಮ ಪೈಲ್ವಾನನ ಕೋಟು ರಿಪೇರಿ ಆಯ್ತಾ?

ದರ್ಜಿ: ನಾಯಿ ಜೊತೆಗಿದ್ಯಾ?

ಟೀಚರಮ್ಮ: ಇಲ್ಲಪ್ಪ.

ದರ್ಜಿ: ಹಾಗಾದ್ರೆ ಬನ್ನಿ. ಒಂದು ಮಾತು ತಾಯೀ, ಬೇಜಾರು ಮಾಡ್ಕೋಬೇಡಿ. ಕೋಟಿನ ಹೊಲಿಗೆ ಹೊಟ್ಟೆ ಹತ್ರಾನೇ ಬಿಚ್ಚಿದೆ, ಅವನ ಊಟ ಸ್ವಲ್ಪ ಕಮ್ಮಿ ಮಾಡಿ.

ಟೀಚರಮ್ಮ: ಅವನಿಗೆ ಊಟಾನೇ ಸೇರ್ತಿಲ್ಲ!

ದರ್ಜಿ: ಎಲ್ರೂ ಹಾಗೇ ಅಂತಾರೆ.

ಟೀಚರಮ್ಮ: ನಿಮ್ಮ ದಾರಾನೇ ಲಡ್ಡಾಗಿದೆ ಅಂತ ಒಪ್ಕೊಳ್ಳಿ.

ದರ್ಜಿ: ನನ್ನ ದಾರಾನಾ? ಆನೆ ಎಳೆದ್ರೂ ಕಿತ್ತು ಬರಲ್ಲ! ಒಳಗಿಂದ ಹೊಟ್ಟೆ ತಳ್ಳದೆ ಆ ಹೊಲಿಗೆ ಬಿಚ್ಚೋದು ಹೇಗೆ?

ಟೀಚರಮ್ಮ: ಹೊಟ್ಟೆ ಅಲ್ಲಪ್ಪಾ, ಕೆಮ್ಮು! ಒಂದೇ ಸಮ ಕೆಮ್ಮಿ ಕೆಮ್ಮಿ ಬಿಚ್ಚಿಹೋಯ್ತು. ಫ್ಲೂ ಅಂತೆ. ಅದಕ್ಕೇ ಅವನನ್ನ ಮನೇಲೇ ಬಿಟ್ಟು ಬಂದೆ.

ಮೂವರೂ ಮೇಜಿನ ಕಡೆ ತಿರುಗಿದರು. ಪೈಲ್ವಾನನ ಕೆಂಪು ಕೋಟಿನಲ್ಲಿ ಮರಿ ಬಾಲ ಅಲ್ಲಾಡಿಸಿತು.

ಹೆಂಡತಿ: ಎಂಥಾ ಏರ್ಪಾಡು ರೀ!

ದರ್ಜಿ: ಅಯ್ಯೋ, ನನ್ನ ಕೈಯಾರೆ ತೊಡಿಸಿದೆನಲ್ಲೇ! ಇದಕ್ಕೇನಾದ್ರೂ ಆದ್ರೆ ಇನ್ನು ಸೂಜಿ ಮುಟ್ಟಲ್ಲ ನಾನು.

ಅವನ ಕಣ್ಣಲ್ಲಿ ನೀರೇ ಬಂತು. ಹೆಂಡತಿ ಕೋಟು ಬಿಚ್ಚಿ ಬಕೆಟ್ಟಿಗೆ ಹಾಕಿ, ಕೈ ತೊಳೆದು, ಡಾಕ್ಟರಿಗೆ ಫೋನ್ ಮಾಡಿ ಬಂದಳು.

ಹೆಂಡತಿ: ಕೋಟು, ಮೇಜು, ನಿಮ್ಮ ಕೈ, ಶರಟು, ಎಲ್ಲಾ ಸೋಪಲ್ಲಿ ತೊಳೀಬೇಕಂತೆ. ಮರೀನ ಬೇರೆ ಕೋಣೇಲಿಟ್ಟು ಕೆಮ್ಮು, ಜ್ವರ ಬರುತ್ತಾ ನೋಡ್ಬೇಕು. ಈಗ ಆಸ್ಪತ್ರೆಗೆ ಕರ್ಕೊಂಡು ಬರಲೇಬೇಡಿ, ಬೇರೆ ನಾಯಿಗಳಿಗೆ ಅಂಟೀತು ಅಂದ್ರು. ಏನೂ ಬರದಿದ್ರೆ ಅವರೇ ಬಂದು ಲಸಿಕೆ ಹಾಕ್ತಾರಂತೆ.

ದರ್ಜಿ: ನೋಡಿದ್ಯಾ? ಆಸ್ಪತ್ರೆಗೆ ಬೇಡ ಅಂತ ನಾನು ಮೊದಲೇ ಹೇಳ್ಲಿಲ್ವಾ?

ಹೆಂಡತಿ ನೋಡಿದ ನೋಟಕ್ಕೆ ಟೀಚರಮ್ಮನೇ ಎರಡು ಹೆಜ್ಜೆ ಹಿಂದೆ ಸರಿದರು.

ಅಲ್ಲಿಂದಾಚೆ ದರ್ಜಿ ಮರಿಯ ಕೋಣೆಯ ಬಾಗಿಲಿಗೆ ಕಿವಿ ಕೊಟ್ಟೇ ಬದುಕಿದ. ಮರಿ ಒಂದು ಸಲವೂ ಕೆಮ್ಮಲಿಲ್ಲ, ಗೊರಕೆ ಮಾತ್ರ ಹೊಡೆಯಿತು. ಡಾಕ್ಟರು ಹೇಳಿದ ಅವಧಿ ಮುಗಿಯುವ ಹೊತ್ತಿಗೆ ಪೈಲ್ವಾನನೂ ಚೇತರಿಸಿಕೊಂಡಿದ್ದ. ಟೀಚರಮ್ಮ ಕೋಟು ಕೇಳಿ ಕಳಿಸಿದರು.

ದರ್ಜಿ: ಒಗೆದಾಯ್ತು, ಹೊಲಿದಾಯ್ತು. ಒಂದ್ಸಲ ಮರಿಗೆ ಹಾಕಿ ನೋಡ್ಲಾ?

ಹೆಂಡತಿ: ಇನ್ನು ಕಂಡವರ ಕೋಟು ಅದರ ಮೈ ಸೋಕಲ್ಲ. ನೀವು ಬಗ್ಗಿ.

ದರ್ಜಿ: ಏನು?

ಹೆಂಡತಿ: ಬಗ್ಗಿ ಅಂದೆ. ಎರಡೂ ಕೈ ನೆಲಕ್ಕೆ ಊರಿ.

ಬೆನ್ನ ಮೇಲೆ ಕೆಂಪು ಕೋಟು ಹೊದ್ದು ದರ್ಜಿ ನಾಲ್ಕು ಕಾಲಲ್ಲಿ ನಿಂತಿದ್ದಾಗಲೇ ಡಾಕ್ಟರು ಒಳಗೆ ಬಂದರು. ಸೋಫಾದ ಮೇಲೆ ಮಲಗಿದ್ದ ಮರಿಯನ್ನು ನೋಡಿದರು, ನೆಲದ ಮೇಲಿದ್ದವನನ್ನೂ ನೋಡಿದರು.

ಡಾಕ್ಟರು: ಲಸಿಕೆ ಯಾರಿಗಮ್ಮಾ?

ಹೆಂಡತಿ: ಸೋಫಾದ ಮೇಲಿರೋದಕ್ಕೆ ಡಾಕ್ಟ್ರೇ. ಕೆಳಗಿರೋದಕ್ಕೆ ಆಗ್ಲೇ ನಾನೇ ಹಾಕಿದ್ದೀನಿ.