ತಾಟು, ಲಟ್ಟಣಿಗೆ ಮತ್ತು ಗಿಳಿವಿಂಡು

ಮದುವೆಯಾದ ಮೇಲೆ ನನ್ನ ಗಂಡ ನನ್ನನ್ನು 'ಚಿನ್ನಾ' ಎಂದು ಕರೆದದ್ದು ಒಂದೇ ಸಲ. ಅದೂ ಅಪೆಂಡಿಕ್ಸ್ ಆಪರೇಷನ್ ಆಗಿ ಅರೆಪ್ರಜ್ಞೆಯಲ್ಲಿ ಮಲಗಿದ್ದಾಗ. (ಆಗಲೂ ಅವರ ಕಣ್ಣು ನರ್ಸಿನ ಕಡೆಗಿತ್ತೆಂಬ ಅನುಮಾನ ನನಗಿನ್ನೂ ಹೋಗಿಲ್ಲ.) ಅಂಥ ಮನುಷ್ಯ ಹೋದ ಬೇಸಿಗೆಯಲ್ಲಿ ದಿನಾ ಬೆಳಕು ಹರಿಯುವ ಮೊದಲೇ ಮಾಳಿಗೆ ಹತ್ತಿ, "ಬಾ ಚಿನ್ನಾ, ಬಾ ರಾಣಿ, ನಿನ್ನ ಸಲುವಾಗೇ ತಂದೇನಿ, ಹೆದರಬ್ಯಾಡ, ಅಕಿ ಇನ್ನೂ ಎದ್ದಿಲ್ಲ" ಎನ್ನತೊಡಗಿದರೆ ಯಾವ ಹೆಂಡತಿ ಸುಮ್ಮನಿದ್ದಾಳು?

ನಾನು ಸುಮ್ಮನಿದ್ದೆ. ಯಾಕೆಂದರೆ 'ಅಕಿ' ನಿಜವಾಗಿಯೂ ಎದ್ದಿರಲಿಲ್ಲ. ಸುದ್ದಿ ತಂದವರು ಪಕ್ಕದ ಮನೆಯ ಕುಲಸುಮಬಿ. ಕೈಯಲ್ಲಿ ಸಕ್ಕರೆ ಕೇಳುವ ಖಾಲಿ ಬಟ್ಟಲು, ಮುಖದಲ್ಲಿ ಸಂತಾಪ ಸೂಚಕ ಸಭೆಯ ಕಳೆ.

"ವಿದ್ಯಾ, ತಪ್ಪ ತಿಳ್ಕೋಬ್ಯಾಡ. ಮಾಸ್ತರು ಮಾಳಗಿ ಮ್ಯಾಲ ಯಾರ ಜೋಡಿ ಮಾತಾಡ್ತಾರ?"

ನಾನು ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋಗಿ ನೋಡಿದೆ. ಅಲ್ಲಿ ಒಬ್ಬಳಲ್ಲ, ದೊಡ್ಡದೊಂದು ಹಿಂಡೇ ಇತ್ತು. ಎಲ್ಲರೂ ಹಸಿರು ಉಟ್ಟಿದ್ದರು. ಎಲ್ಲರ ಮೂಗೂ ಕೆಂಪಗಿತ್ತು.

ಹಾನಗಲ್ಲಿನಲ್ಲಿ ನಮ್ಮ ಮನೆ ಇರುವುದು ಊರ ಹೊರಗಿನ ಹೊಸ ಬಡಾವಣೆಯಲ್ಲಿ. ಮೊದಲು ಅಲ್ಲಿ ಮಾವಿನ ತೋಟವಿತ್ತಂತೆ, ಆಮೇಲೆ ಗೋವಿನಜೋಳದ ಹೊಲವಾಯಿತು, ಈಗ ಸೈಟುಗಳ ಬೋರ್ಡು ಬಿದ್ದಿದೆ. ಮಾರಾಟವಾಗದ ಒಂದು ಸೈಟಿನಲ್ಲಿ ಹಳೆಯ ಮಾವಿನ ಮರವೊಂದು ಹಾಗೇ ನಿಂತಿದೆ. ತೋಟ ಹೋಗಿ ಬಡಾವಣೆ ಬಂದ ಸಂಗತಿಯನ್ನು ಗಿಳಿಗಳಿಗೆ ಯಾರೂ ತಿಳಿಸಿಲ್ಲವಾದ್ದರಿಂದ ಅವು ಹಳೆಯ ವಿಳಾಸದಲ್ಲೇ ವಾಸವಾಗಿವೆ. ನನ್ನ ಗಂಡ ಮಾಲತೇಶ ಆಡೂರಿನ ಕಡೆ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ಬೇಸಿಗೆ ರಜೆ ಬಿಟ್ಟಿತ್ತು. ವರ್ಷವಿಡೀ ಯಾರೂ ಕೇಳದ ಪಾಠ ಹೇಳಿ ಹೇಳಿ ಸೋತಿದ್ದ ಜೀವಕ್ಕೆ, ಕರೆದರೆ ಬರುವ, ಕೊಟ್ಟದ್ದನ್ನು ತಿನ್ನುವ, ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡದ ಶಿಷ್ಯವರ್ಗ ಸಿಕ್ಕಿದ್ದೇ ತಡ, ಮನೆಯ ಸೂರ್ಯಕಾಂತಿ ಬೀಜ, ಶೇಂಗಾ, ಪ್ಯಾರಲ ಹಣ್ಣು ಎಲ್ಲ ಮೇಲೆ ಹೋಗತೊಡಗಿದವು.

ಸತ್ಯ ಹೇಳಬೇಕೆಂದರೆ ನೋಡಲು ಚೆಂದವೇ. ಎಳೆಬಿಸಿಲಿಗೆ ಆ ಹಸಿರು ಮಿಂಚುವುದು, ಗಂಡುಗಳ ಕೊರಳಲ್ಲಿ ಗುಲಾಬಿ ಗೆರೆ, ನಡುವೆ ಕೆಲವಕ್ಕೆ ನೇರಳೆ ಹಣ್ಣು ಒರೆಸಿದಂಥ ತಲೆ. ಒಂದು ಕಾಲಲ್ಲಿ ನಿಂತು ಇನ್ನೊಂದು ಕಾಲಲ್ಲಿ ಶೇಂಗಾ ಹಿಡಿದು ತಿನ್ನುವ ಠೀವಿ ನಮ್ಮ ಯಾವ ಬೀಗರಿಗೂ ಇಲ್ಲ. ನಾನೂ ಎರಡು ದಿನ ಚಹಾದ ಕಪ್ಪು ಹಿಡಿದು ನೋಡಿದೆ. ಮೂರನೆಯ ದಿನ ಅವು ನನ್ನ ಸಂಡಿಗೆಗೆ ಬಾಯಿ ಹಾಕಿದವು.

ಬೇಸಿಗೆಯಲ್ಲಿ ನಾನು ಸಂಡಿಗೆ, ಹಪ್ಪಳ, ಶಾವಿಗೆ ಮಾಡಿ ಮಾರುತ್ತೇನೆ. ಆವರೆಗೆ ಗಿರಾಕಿಗಳೆಂದರೆ ಓಣಿಯ ಹೆಂಗಸರು. ಆ ವರ್ಷ ಮೊದಲ ಬಾರಿಗೆ ಚಿಕ್ಕೇರೂರಿನ ಅನ್ನವ್ವ ಎಂಬವರು ಮಗಳ ಮದುವೆಗೆಂದು ದೊಡ್ಡ ಆರ್ಡರು ಕೊಟ್ಟಿದ್ದರು. ಅನ್ನವ್ವ 'ಛಲೋ ಐತಿ' ಎಂದರೆ ಇಡೀ ಹಿರೇಕೆರೂರು ತಾಲೂಕು ಅದನ್ನೇ ತಿನ್ನುತ್ತದೆ ಎಂಬ ಖ್ಯಾತಿ ಆಕೆಗಿತ್ತು. ನನ್ನ ಸಂಡಿಗೆ ಸಾಮ್ರಾಜ್ಯದ ಸ್ಥಾಪನೆಗೆ ಇಷ್ಟು ಸಾಕಿತ್ತು. ಮಾಳಿಗೆ ತುಂಬ ಹಳೆಯ ಸೀರೆ ಹಾಸಿ ಅಕ್ಕಿ ಸಂಡಿಗೆ ಇಟ್ಟೆ, ಒಂದು ಮೂಲೆಯಲ್ಲಿ ಮಜ್ಜಿಗೆ ಮೆಣಸಿನಕಾಯಿ ಹರವಿದೆ. ಸ್ನಾನ ಮಾಡಿ ಬರುವಷ್ಟರಲ್ಲಿ ಶುಕಸಂತತಿ ಪಂಕ್ತಿಯಲ್ಲಿ ಕೂತಿತ್ತು. ಮೆಣಸಿನಕಾಯಿಯಲ್ಲಿ ಬೀಜವಿರಲಿಲ್ಲ, ಸಂಡಿಗೆಯಲ್ಲಿ ಅಂಚಿರಲಿಲ್ಲ.

"ನೋಡ್ರಿ, ನಿಮ್ಮ ರಾಣಿಗೋಳು ಮಾಡಿದ ಕೆಲಸ."

ಅವರು ಬಗ್ಗಿ ಪರೀಕ್ಷೆಯ ಪೇಪರು ನೋಡುವಂತೆ ನೋಡಿದರು. "ಪೂರಾ ತಿಂದಿಲ್ಲಲ್ಲ. ಒಂದೊಂದ ಸಲ ಕಚ್ಚಿ ಬಿಟ್ಟಾವು. ಉಪ್ಪ ಜಾಸ್ತಿ ಆಗಿರಬೇಕು."

"ನನ್ನ ಸಂಡಿಗ್ಯಾಗ ಉಪ್ಪ ಜಾಸ್ತಿ?"

"ನಾ ಹೇಳಿದ್ದಲ್ಲ, ಗಿಣಿ ಹೇಳಿದ್ದು. ಮತ್ತ ವಿದ್ಯಾ, ಹಕ್ಕಿಗೂ ಒಂದ ಹಕ್ಕ ಅಂತ ಇರತೈತಿ."

"ಹಂಗಾರ ಹೆಂಡ್ತಿಗೆ?"

ಈ ಲೆಕ್ಕ ಅವರ ಪಠ್ಯಕ್ರಮದಲ್ಲಿ ಇರಲಿಲ್ಲವೇನೋ. ಚಪ್ಪಲಿ ಹುಡುಕುತ್ತ ಕೆಳಗಿಳಿದರು.

ಮಾರನೆಯ ಬೆಳಗ್ಗೆ ನಾನೇ ಮೊದಲು ಎದ್ದೆ. ತವರಿನವರು ಕೊಟ್ಟ ಹಿತ್ತಾಳೆ ತಾಟು ಎಡಗೈಯಲ್ಲಿ, ಲಟ್ಟಣಿಗೆ ಬಲಗೈಯಲ್ಲಿ. ಗಿಳಿಗಳು ಇಳಿದವೋ ಇಲ್ಲವೋ, ಢಣ್ ಢಣ್ ಢಣ್ ಎಂದು ಬಾರಿಸಿದೆ. ಹಿಂಡಿಗೆ ಹಿಂಡೇ ಕಿರುಚಿಕೊಂಡು ಮಾವಿನ ಮರ ಸೇರಿತು. ಕುಲಸುಮಬಿಯ ಮನೆಯವರೆಲ್ಲ ಬೆಂಕಿ ಬಿತ್ತೆಂದು ಹೊರಗೆ ಓಡಿಬಂದರು. ನಾನು ಯುದ್ಧ ಗೆದ್ದ ಕಿತ್ತೂರ ರಾಣಿಯ ಗತ್ತಿನಲ್ಲಿ ಕೆಳಗಿಳಿದು ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದೆ. ದಿನವೂ ಹೀಗೇ ನಡೆಯಿತು. ನಾನು ಹೋಗುವುದು, ಬಾರಿಸುವುದು, ಅವು ಹಾರುವುದು, ನಾನು ಇಳಿಯುವುದು. ಗಂಡ ಒಂದೇ ಒಂದು ಮಾತಾಡಲಿಲ್ಲ. ಗಂಡಸರು ಸುಮ್ಮನಿದ್ದರೆ ಸೋತಿದ್ದಾರೆ ಎಂದು ತಿಳಿಯುವ ತಪ್ಪನ್ನು ನಾನು ಈಗ ಮಾಡುವುದಿಲ್ಲ.

ಸ್ವಲ್ಪ ದಿನದಲ್ಲಿ ಏನೋ ಏರುಪೇರು ಕಂಡಿತು. ನಾನು ಬಾರಿಸಿದರೆ ಗಿಳಿಗಳು ದೂರ ಹೋಗದೆ ಪಕ್ಕದ ತಂತಿಯ ಮೇಲೆ ಕೂತವು. ಆಮೇಲೆ ನಮ್ಮದೇ ಕಟ್ಟೆಯ ಮೇಲೆ ಕೂತು ತಲೆ ಓರೆ ಮಾಡಿ ನನ್ನ ಕೈ ನೋಡತೊಡಗಿದವು. ಒಂದು ದಿನ ಅಡುಗೆಮನೆಯಲ್ಲಿ ಕೈಜಾರಿ ತಾಟು ಬಿತ್ತು. ಕಿಟಕಿಯಾಚೆ ಬಟ್ಟೆ ಒಣಗಿಸುವ ಹಗ್ಗ ಒಮ್ಮೆಲೇ ಹಸಿರಾಯಿತು.

ಕುಲಸುಮಬಿಯೇ ಗುಟ್ಟು ಒಡೆದರು. "ಅಯ್ ಹುಚ್ಚಿ, ನೀ ಬಡದ ಕೆಳಗ ಹೋದಿ ಅಂದ್ರ ಮಾಸ್ತರು ಮ್ಯಾಲ ಬರ್ತಾರ. ನನ್ನ ಹೆಂಡ್ತಿ ಹೆದರಿಸಿದ್ಲೇನ ಚಿನ್ನಾ ಅಂತ ಬೊಗಸಿಗಟ್ಲೆ ಕಾಳ ಸುರೀತಾರ. ಅವು ಏನ ತಿಳ್ಕೊಂಡಾವು? ನಿಂದು ಊಟದ ಗಂಟಿ ಅಂತ ತಿಳ್ಕೊಂಡಾವು."

ಅಂದರೆ ಇಷ್ಟು ದಿನ ನಾನು ಓಡಿಸುತ್ತಿರಲಿಲ್ಲ, ಬಡಿಸುತ್ತಿದ್ದೆ. ಗಂಡನನ್ನು ವಿಚಾರಿಸಿದರೆ ನಾಚಿಕೆಯೇ ಇಲ್ಲದೆ, "ಅವು ಕಲಿತ ರೀತಿ ನೋಡು. ನಮ್ಮ ಹತ್ತನೇತ್ತಿ ಹುಡುಗರಿಗೆ ವರ್ಷಾನಗಟ್ಲೆ ಹೇಳಿದ್ರೂ ಗಂಟಿ ಹೊಡದದ್ದ ಗೊತ್ತಾಗಂಗಿಲ್ಲ" ಎಂದು ಹೆಮ್ಮೆಪಟ್ಟರು. ಅಂದಿನಿಂದ ತಾಟನ್ನು ಅಟ್ಟಕ್ಕೆ ಹಾಕುವುದೆಂದೂ, ಕಾಳು ನಿಲ್ಲಿಸುವುದೆಂದೂ, ನಾನು ಸಂಡಿಗೆಗೆ ಸೊಳ್ಳೆಪರದೆ ಮುಚ್ಚುವುದೆಂದೂ ನಮ್ಮ ನಡುವೆ ಒಪ್ಪಂದವಾಯಿತು. (ಇಂಥ ಒಪ್ಪಂದಗಳು ದೊಡ್ಡ ದೊಡ್ಡ ದೇಶಗಳ ನಡುವೆಯೇ ನಿಂತಿಲ್ಲ.)

ಸಂಡಿಗೆ ಮತ್ತೆ ಮಾಡಿದೆ. ಕೊನೆಯ ಬಿಸಿಲಿಗೆ ಒಣಗುತ್ತಿದ್ದಾಗ ಅನ್ನವ್ವ ಮಗಳು ಪೂಜಾಳನ್ನು ಕರೆದುಕೊಂಡು ಮಾಲು ನೋಡಲು ಬಂದರು. ಮದುಮಗಳಾಗಲಿರುವ ಪೂಜಾ ತಲೆ ಎತ್ತದೆ ಮೊಬೈಲು ನೋಡುತ್ತಿದ್ದಳು. ನಾನು ಅವರನ್ನು ಮಾಳಿಗೆಗೆ ಕರೆದೊಯ್ದು, ಸೊಳ್ಳೆಪರದೆಯನ್ನು ರೇಷ್ಮೆ ಅಂಗಡಿಯವರು ಸೀರೆ ಬಿಚ್ಚುವಂತೆ ಸರಿಸಿದೆ. ಅನ್ನವ್ವ ಒಂದು ಸಂಡಿಗೆ ಎತ್ತಿ ಬಿಸಿಲಿಗೆ ಹಿಡಿದು, ಮುರಿದು, ಮೂಸಿ, ತಲೆಯಾಡಿಸಿದರು. ನಾನು ಚಹಾ ತರಲು ಕೆಳಗೆ ಬಂದೆ. ನನ್ನ ಗಂಡ ಅಟ್ಟದಿಂದ ಅದೇ ತಾಟು ತೆಗೆದು, ಬಂದವರಿಗೆಂದು ಅವಲಕ್ಕಿ ಚೂಡಾ ತುಂಬಿ ಮೇಲೆ ಒಯ್ದಿದ್ದು ನನಗೆ ತಿಳಿಯದು.

ಅರ್ಧ ಮೆಟ್ಟಿಲು ಹತ್ತಿದಾಗ ಅನ್ನವ್ವನ ದನಿ ಕೇಳಿತು. "ಇದರವ್ನ ಕಾಗಿ, ಸಂಡಿಗ್ಯಾಗ ಬಂದ ಕುಂತೈತಿ. ಹುಶ್, ಹುಶ್. ಏ ಪೂಜಾ, ಆ ಚೂಡಾ ತಗಿ, ತಾಟ ಕೊಡ ಇಲ್ಲೆ."

"ಅಕ್ಕಾರ, ಬಡೀಬ್ಯಾಡ್ರಿ" ಎಂದು ಕೂಗುತ್ತ ಹತ್ತಿದೆ. ಅಷ್ಟರಲ್ಲಿ ಬಳೆ ತುಂಬಿದ ಕೈ ಬಲವಾಗಿಯೇ ಬಿದ್ದಿತ್ತು. ಢಣ್.

ಕಾಗೆ ಹೋಯಿತು. ಮಾವಿನ ಮರಕ್ಕೆ ಮರವೇ ಎದ್ದು ಬಂತು. ಕಾಳು ನಿಂತು ಎಷ್ಟೋ ದಿನವಾಗಿತ್ತಲ್ಲ, ಹಸಿದ ಹಿಂಡು ಅತ್ತಿತ್ತ ನೋಡದೆ ಸಂಡಿಗೆಯ ಮೇಲೆ ಇಳಿಯಿತು. ನಾನು ಚಹಾದ ತಟ್ಟೆ ಹಿಡಿದು ಕಂಬದಂತೆ ನಿಂತೆ. ಕರಕರ ಸದ್ದು ನಿಂತಾಗ ಮಾಳಿಗೆಯ ಮೇಲೆ ಉಳಿದದ್ದು ಹಳೆಯ ಸೀರೆಯ ಹೂವುಗಳು ಮಾತ್ರ.

"ಇದೇನವ್ವಾ ತಂಗಿ," ಅನ್ನವ್ವ ತಾಟನ್ನು ಮೆಲ್ಲಗೆ ಕೆಳಗಿಟ್ಟರು. "ನೀ ಸಂಡಗಿ ಮಾಡ್ತೀಯೋ, ಗಿಣಿ ಮೇಸ್ತೀಯೋ?"

ಆಗ ಪೂಜಾ ಬಾಯಿ ಬಿಟ್ಟಳು. ಅವಳ ಸುತ್ತ, ಕಟ್ಟೆಯ ಮೇಲೆ, ಒಂದು ಅವಳ ಭುಜದ ಮೇಲೆ, ಗಿಳಿಗಳೇ ಗಿಳಿಗಳು. "ಅವ್ವಾ, ಅಲ್ಲಾಡಬ್ಯಾಡ. ಸಂಡಗಿ ಅಂಗಡ್ಯಾಗ ಸಿಗ್ತಾವ. ಇದು ಎಲ್ಲಿ ಸಿಗತೈತಿ? ನಮ್ಮ ಫೋಟೋ ಶೂಟ್ ಇಲ್ಲೇ ಆಗಬೇಕ."

ಹೀಗೆ ನನ್ನ ಆರ್ಡರು ರದ್ದಾಗಿ ನನ್ನ ಮಾಳಿಗೆ ಮಂಜೂರಾಯಿತು.

ಶೂಟಿಂಗಿಗೆ ಬಂದವನು ಕುಲಸುಮಬಿಯ ಮಗ ನಿಯಾಜ. ಊರಲ್ಲಿ ಅವನದೊಂದು ಸ್ಟುಡಿಯೋ ಇದೆ. ಮದುಮಗ ಅಂಬರೀಶ ಹಸಿರು ಶೇರವಾನಿಯಲ್ಲಿ ಬಂದ. (ಗಿಳಿಗಳಿಗೆ ಮ್ಯಾಚಿಂಗ್ ಅಂತೆ.) ನನ್ನ ಗಂಡ ಬಿಸಿಲಿಗೆ ಕಪ್ಪು ಕನ್ನಡಕ ಹಾಕಿ ನಿರ್ದೇಶಕರಾದರು. ಸಂಡಿಗೆ ಹೋದರೂ ಮಾನವಾದರೂ ಇರಲಿ ಎಂದು ನಾನು ಇಳಕಲ್ಲ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಕಿವಿಗೆ ಬುಗುಡಿ ಹಾಕಿ, ತಾಟು ಹಿಡಿದು ಮೇಲೆ ಬಂದೆ. ಬಾರಿಸಿದೆ. ಒಂದೂ ಬರಲಿಲ್ಲ. ಮತ್ತೆ ಬಾರಿಸಿದೆ. ಮರದಿಂದ ಅನುಮಾನದ ಕಿರುಚಾಟ ಮಾತ್ರ ಕೇಳಿತು. ನನ್ನ ಗಂಡ ಬಾರಿಸಿದರು. ತಂತಿಯ ಮೇಲಿದ್ದ ಎರಡೂ ಹಾರಿಹೋದವು.

"ಅವತ್ತ ಹಸಿದಿದ್ವು, ಯಾರ ಬಡದ್ರೂ ಬಂದ್ವು. ಇವತ್ತ ಮಂದಿ, ಕ್ಯಾಮೆರಾ ನೋಡಿ ಹೆದರ್ಯಾವು, ನಿನ್ನ ಗುರ್ತಾನೂ ಸಿಕ್ಕಿಲ್ಲ ಅವಕ್ಕ," ಎಂದರು ನಿರ್ದೇಶಕರು. "ಇಷ್ಟ ಛಂದ ಯಾವಾಗರ ಕಂಡೀಯೇನು ಅವಕ್ಕ? ಹೋಗು, ದಿನಾ ಹಾಕೋ ಆ ಹಳದಿ ನೈಟಿ ಹಾಕ್ಕೊಂಡ ಬಾ."

"ಮಂದಿ ಮುಂದ ನೈಟಿ ಹಾಕ್ಕೊಂಡ ನಿಂದರಬೇಕೇನ್ರಿ ನಾನು?"

"ನೀರಿನ ಟಾಕಿ ಹಿಂದ ನಿಂದರ್ರಿ ಅಕ್ಕಾ," ನಿಯಾಜ ಸಮಾಧಾನ ಮಾಡಿದ. "ಕ್ಯಾಮೆರಾದಾಗ ನೀವು ಬರಂಗಿಲ್ಲ. ನಂದು ಜಿಮ್ಮೇದಾರಿ."

ಅಂಬರೀಶನ ಮುಖ ಬಾಡುತ್ತಿತ್ತು, ಬಿಸಿಲು ಏರುತ್ತಿತ್ತು, ಪೂಜಾ ಅಳುವಂತಾಗಿದ್ದಳು. ಹೋಗಿ ನೈಟಿ ಹಾಕಿಕೊಂಡು, ಹೆಗಲಿಗೆ ಟವೆಲ್ ಎಳೆದು, ಮಲ್ಲಿಗೆ ತೆಗೆದಿಟ್ಟು, ಟಾಕಿಯ ಹಿಂದೆ ನಿಂತು ಬಾರಿಸಿದೆ. ಸುಂಯ್ ಎಂದು ಬಂದವು. ಆ ಕ್ಷಣ ಮಾತ್ರ ನಾನೂ ಸಂಡಿಗೆ ಮರೆತೆ. ತಲೆಯ ಮೇಲೆ ಹಸಿರು ಚಪ್ಪರ ಹಾಕಿದಂತೆ ಸುತ್ತಿ, ಬಿಸಿಲನ್ನೇ ಹಸಿರು ಮಾಡಿ, ಮದುಮಕ್ಕಳ ಸುತ್ತ ಇಳಿದವು. ಒಂದು ಅಂಬರೀಶನ ತಲೆಯ ಮೇಲೆ ಕೂತು ಶೇರವಾನಿಗೆ ಬಿಳಿ ಬಣ್ಣದ ಆಶೀರ್ವಾದ ಮಾಡಿತು. ಇನ್ನೊಂದು ಅವನ ಕಿವಿ ಹಿಡಿಯಿತು. ಅವನು ಪೂಜಾಳನ್ನು ಗಟ್ಟಿಯಾಗಿ ಅಪ್ಪಿಕೊಂಡ. ಹೆದರಿಕೆಗೆ ಅಪ್ಪಿದ್ದು ಫೋಟೋದಲ್ಲಿ ಪ್ರೀತಿಯಂತೆಯೇ ಬಂತು ಎಂದು ನಿಯಾಜ ತೋರಿಸಿದ.

ಮದುವೆ ಹಿರೇಕೆರೂರಿನ ಕಲ್ಯಾಣ ಮಂಟಪದಲ್ಲಿ. ನನ್ನ ಇಳಕಲ್ಲ ಸೀರೆಗೆ ಕೊನೆಗೂ ಜನ ಸಿಕ್ಕರೆಂದು ಮೊದಲ ಸಾಲಿನಲ್ಲೇ ಕೂತೆ. ಅಕ್ಷತೆ ಬಿದ್ದ ಮೇಲೆ ವೇದಿಕೆಯ ಪಕ್ಕದ ಗೋಡೆಯಷ್ಟು ದೊಡ್ಡ ಪರದೆಯಲ್ಲಿ ವಿಡಿಯೋ ಹಾಕಿದರು. ಮೊದಲು ಆಕಾಶ, ಆಮೇಲೆ ಗಿಳಿಗಳು, ಆಮೇಲೆ ಮದುಮಕ್ಕಳು. ಮಂಟಪ ಚಪ್ಪಾಳೆ ತಟ್ಟಿತು. ನನ್ನ ಎದೆಯೂ ಉಬ್ಬಿತು. ಅಷ್ಟರಲ್ಲಿ ದೃಶ್ಯ ನಿಧಾನಗತಿಗೆ ಇಳಿಯಿತು. ಮೇಲಿನಿಂದ ತೆಗೆದದ್ದು. (ಟಾಕಿಯ ಹಿಂದೆ ನಿಂತರೆ ಕ್ಯಾಮೆರಾಕ್ಕೆ ಕಾಣುವುದಿಲ್ಲ, ನಿಜ. ಆದರೆ ಡ್ರೋನಿಗೆ ಕಾಣುತ್ತದೆ ಎಂದು ನಿಯಾಜ ಹೇಳಿರಲಿಲ್ಲ.) ಪರದೆಯ ಎಡಗಡೆ, ಗೋಡೆಯಷ್ಟೇ ಎತ್ತರಕ್ಕೆ, ಹಳದಿ ನೈಟಿ, ಹೆಗಲ ಮೇಲೆ ಟವೆಲ್, ಕೆದರಿದ ಕೂದಲು, ತೆರೆದ ಬಾಯಿಯ ನಾನು. ಎತ್ತಿದ ಲಟ್ಟಣಿಗೆ ತಾಟಿನ ಮೇಲೆ ಇಳಿಯಲು ಯುಗವೇ ಹಿಡಿಯಿತು. ಹಿನ್ನೆಲೆಯಲ್ಲಿ ಸನಾದಿ.

ಇಡೀ ಮಂಟಪ ನಕ್ಕ ನಗೆಗೆ ಭಟ್ಟರು ಮಂತ್ರ ನಿಲ್ಲಿಸಿದರು. ನನ್ನ ಗಂಡ ಕಿವಿಯಲ್ಲಿ, "ಕೈ ಎತ್ತಿದ್ದು ಭಾಳ ಛಲೋ ಬಂದೈತಿ" ಎಂದರು.

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಊಟದ ಪಂಕ್ತಿಯ ಕೊನೆಗೆ ಹೋಗಿ ಕೂತೆ. ಹೋಳಿಗೆಗೆ ಕೈ ಹಾಕುವಷ್ಟರಲ್ಲಿ ಗುರುತಿಲ್ಲದ ಅಜ್ಜಿಯೊಬ್ಬರು ಎದುರಿಗೆ ಬಂದು ನಿಂತು ನನ್ನ ಮುಖ, ಸೀರೆ, ಮತ್ತೆ ಮುಖ ನೋಡಿದರು.

"ಗಿಣಿ ಕರಿಯಾಕಿ ನೀನ ಹೌದಿಲ್ಲೋ?"

ಅಲ್ಲ ಎನ್ನಲು ಬಾಯಿ ತೆರೆದೆ.

"ಹೌದ್ರಿ, ಅಕೀನ," ಎಂದರು ಪಕ್ಕದಿಂದ ನನ್ನ ಗಂಡ.

"ನಮ್ಮ ಮೊಮ್ಮಗಂದು ಲಗ್ನ ಐತವ್ವ. ಹುಡುಗ ಹುಡುಗೀನ ಕರ್ಕೊಂಡ ನಿಮ್ಮನಿಗೆ ಬರ್ತೇವಿ. ಫೋಟೋದಾಗ ನೀನೂ ಇರಬೇಕು ಮತ್ತ. ಆದ್ರ ಈ ಸೀರಿ ಉಡಬ್ಯಾಡ, ಅದ ಹಳದಿ ನೈಟಿ ಇರಲಿ. ನಮ್ಮ ಮಂದಿ ಗುರ್ತ ಹಿಡೀಬೇಕಲ್ಲ."

ನನ್ನ ಗಂಡ ಆಗಲೇ ಎಡಗೈಯಿಂದ ಕಿಸೆಯ ಪೆನ್ನು ತೆಗೆದು, ಅಜ್ಜಿಯನ್ನು ತಾರೀಖು ಕೇಳುತ್ತಿದ್ದರು.